ಬೆಳ್ಳುಳ್ಳಿಸೊಪ್ಪಿನ ಪಾಠ

ಮೇಷ್ಟ್ರ ಮೂಗು ಸತ್ತು ಎರಡು ತಿಂಗಳಾಗಿತ್ತು. ಐದು ಜನರಿದ್ದ ಆ ಮನೆಯಲ್ಲಿ ಅದು ಅವರೊಬ್ಬರಿಗೇ ಗೊತ್ತಿತ್ತು. ಜ್ವರವೊಂದು ಬಂದು ಹತ್ತು ದಿನ ಮಲಗಿಸಿ, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಎದ್ದು ಓಡಾಡುವಂತಾದ ದಿನ ಅವರು ಸೋಪು, ಕಾಫಿಪುಡಿ, ಸೀಮೆಎಣ್ಣೆ ಬಾಟಲಿ, ಅಳಿಯನ ಬೆವರಿನ ಅಂಗಿ ಎಲ್ಲವನ್ನೂ ಒಂದೊಂದಾಗಿ ಮೂಗಿಗೆ ಹಿಡಿದು ನೋಡಿದರು. ಅಳಿಯನ ಅಂಗಿಯೂ ನಾರದೇ ಇದ್ದಾಗ ವಿಷಯ ಗಂಭೀರವೆಂದು ಖಚಿತವಾಯಿತು. ಬೇರೆ ಯಾರಾದರೂ ಆಗಿದ್ದರೆ ಮನೆಯವರ ಮುಂದೆ ನಾಲ್ಕು ದಿನ ಗೋಳಾಡಿ, ಡಾಕ್ಟರ ಹತ್ತಿರ ಹೋಗಿ ಬಂದು ಸುಮ್ಮನಾಗುತ್ತಿದ್ದರು. ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಅವರ ಕೆಲಸ, ಮಾನ, ಮಗಳ ಮನೆಯಲ್ಲಿ ತಲೆಯೆತ್ತಿ ಕೂತು ಉಣ್ಣುವ ಹಕ್ಕು, ಎಲ್ಲವೂ ಆ ಮೂಗಿನ ಮೇಲೆಯೇ ನಿಂತಿತ್ತು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಮೂವತ್ತೆರಡು ವರ್ಷ ಕಾಡಿನ ಕಾವಲುಗಾರನಾಗಿ ದುಡಿದು ನಿವೃತ್ತರಾದವರು. ಮರುವರ್ಷವೇ ಮಗಳು ತನ್ನ ಆಫೀಸಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕಾಡಿನಂಚಿನಲ್ಲಿ ತೊರೆಯ ಪಕ್ಕದ ಒಂದು ತುಂಡು ಜಾಗವನ್ನು ಬಾಡಿಗೆಗೆ ಹಿಡಿದಳು. "ನಿಮಗೆ ಗೊತ್ತಿರೋದನ್ನ ಪೇಟೆಯವರಿಗೆ ಕಲಿಸಿ ಅಪ್ಪಾ" ಎಂದಳು. ಅಂದಿನಿಂದ ಪ್ರತಿ ಭಾನುವಾರ ಹತ್ತು ಹನ್ನೆರಡು ಜನ ಬರುತ್ತಿದ್ದರು. ಕಡ್ಡಿ ಉಜ್ಜಿ ಬೆಂಕಿ ಮಾಡುವುದು, ನಾರು ಹೊಸೆದು ಹಗ್ಗ ಮಾಡುವುದು, ಎಲೆ ಹೊದಿಸಿ ಮಳೆಗೆ ಸೋರದ ಗೂಡು ಕಟ್ಟುವುದು, ಒಂದು ಮರದ ಬುಡದಲ್ಲಿ ಮಾತಿಲ್ಲದೆ ಒಂದು ಗಂಟೆ ಕೂರುವುದು ಇವೆಲ್ಲ ಪಾಠಗಳು. ಮೊದಲ ಕಿಡಿ ಹೊತ್ತಿದಾಗ ಬ್ಯಾಂಕಿನ ಮ್ಯಾನೇಜರೊಬ್ಬರು ಮಗುವಿನ ಹಾಗೆ ಅತ್ತಿದ್ದರು. ಹಲ್ಲಿನ ಡಾಕ್ಟರಮ್ಮ ಒಬ್ಬಳು ಈಗ ದಿನಾ ತನ್ನ ಕ್ಲಿನಿಕ್ಕಿನ ಮುಂದಿನ ಮರವನ್ನು ಮಾತಾಡಿಸಿಯೇ ಒಳಗೆ ಹೋಗುವುದಾಗಿ ಕಾಗದ ಬರೆದಿದ್ದಳು. ಮೇಷ್ಟ್ರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಿದ್ದರು.

ದಿನದ ಕೊನೆಯ ಪಾಠ ಸೊಪ್ಪಿನದು. ತೊರೆಯ ಅಂಚಿಗೆ ಉದ್ದ ಎಲೆಯ ಬೆಳ್ಳುಳ್ಳಿಸೊಪ್ಪು ತಾನಾಗಿ ಬೆಳೆಯುತ್ತದೆ. ಅದರ ಪಕ್ಕದಲ್ಲೇ, ಅದರಂತೆಯೇ ಕಾಣುವ ಇನ್ನೊಂದು. ಮೇಷ್ಟ್ರು ಅದಕ್ಕಿಟ್ಟ ಹೆಸರು 'ಕಳ್ಳ'. ಒಂದನ್ನು ಉಜ್ಜಿದರೆ ಬೆಳ್ಳುಳ್ಳಿ ಘಮ್ಮೆನ್ನುತ್ತದೆ, ಇನ್ನೊಂದಕ್ಕೆ ವಾಸನೆಯೇ ಇಲ್ಲ. ಕಳ್ಳನನ್ನು ತಿಂದರೆ ಮೊದಲು ವಾಂತಿ, ಆಮೇಲೆ ನಾಡಿ ನಿಧಾನವಾಗುತ್ತಾ ಹೋಗಿ ಹೃದಯವೇ ನಿಲ್ಲಬಹುದು. "ಕಣ್ಣನ್ನ ನಂಬಬೇಡಿ, ಮೂಗನ್ನ ಕೇಳಿ" ಎನ್ನುತ್ತಿದ್ದರು ಮೇಷ್ಟ್ರು. ಅದರಲ್ಲೂ ಒಂದು ತೊಡಕು. ಹತ್ತು ಎಲೆ ಉಜ್ಜುವಷ್ಟರಲ್ಲಿ ಬೆರಳಿಗೇ ಬೆಳ್ಳುಳ್ಳಿ ಅಂಟಿಕೊಂಡು, ಹನ್ನೊಂದನೆಯದು ಕಳ್ಳನಾದರೂ ಘಮ್ಮೆನ್ನುತ್ತದೆ. ಹಾಗಾಗಿ ಒಂದೊಂದು ಎಲೆಗೂ ಕೈ ತೊಳೆಯಬೇಕು. ಪೇಟೆಯವರು ಎಷ್ಟು ಹೇಳಿದರೂ ಮರೆಯುತ್ತಿದ್ದರು. ಆದ್ದರಿಂದ ಪಾತ್ರೆಗೆ ಬೀಳುವ ಮೊದಲು ಪ್ರತಿ ಎಲೆಯೂ ಮೇಷ್ಟ್ರ ಮೂಗಿನ ಮುಂದೆ ಹಾಯಬೇಕಿತ್ತು. ಸೂಪು ಕುದಿದ ಮೇಲೆ ಮೊದಲ ಬಟ್ಟಲೂ ಅವರದೇ. ಅವರು ಕುಡಿದು ಕಾಲು ಗಂಟೆಯಾದ ಮೇಲೆಯೇ ಉಳಿದವರು ಕುಡಿಯುವುದು ಅಲ್ಲಿಯ ಪದ್ಧತಿ.

ಗುಟ್ಟು ಮೊದಲು ರಟ್ಟಾದದ್ದು ಹೆಂಡತಿಯ ಮುಂದೆ. ಆಕೆ ಇಪ್ಪತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬೀದಿಯವರಿಗೆಲ್ಲ ಆಯಮ್ಮ. ಒಂದು ಬುಧವಾರ ಒಲೆಯ ಮೇಲೆ ಹಾಲಿಟ್ಟು, "ರೀ, ನೋಡ್ಕೊಳ್ಳಿ" ಎಂದು ಹೇಳಿ ಮಹಡಿಗೆ ಬಟ್ಟೆ ಒಣಹಾಕಲು ಹೋದಳು. ತಿರುಗಿ ಬಂದಾಗ ಅಡುಗೆಮನೆಯ ತುಂಬ ಸೀದ ಹಾಲಿನ ಕಮಟು. ಮೇಷ್ಟ್ರು ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ ಕೂತು ಹಾಯಾಗಿ ಹಗ್ಗ ಹೊಸೆಯುತ್ತಿದ್ದರು.

"ಏನ್ರೀ ಇದು? ಮನೆ ಹತ್ಕೊಂಡು ಉರಿದ್ರೂ ಗೊತ್ತಾಗಲ್ವಾ ನಿಮಗೆ?"

"ಗಮನ ಬೇರೆ ಕಡೆ ಇತ್ತು ಕಣೆ."

"ಪಕ್ಕದ ಮನೇಲಿ ಒಗ್ಗರಣೆ ಹಾಕಿದ್ರೆ ಎಣ್ಣೆ ಹಳೇದು ಅಂತಿದ್ದೋರು ನೀವು!"

ಮೇಷ್ಟ್ರು ಹಗ್ಗದ ಮೇಲಿಂದ ಕಣ್ಣೆತ್ತಲಿಲ್ಲ. ಮಧ್ಯಾಹ್ನ ಆಕೆ ಬೇಕೆಂದೇ ಹಿಂದಿನ ದಿನದ ಹಳಸಿದ ಬೇಳೆಯನ್ನು ಬಿಸಿ ಮಾಡಿ ಬಡಿಸಿದಳು. ಹಾಗೆ ಮಾಡಬಾರದಿತ್ತು, ಆದರೂ ಮಾಡಿದಳು. ಮೊಮ್ಮಗಳು ಗುಬ್ಬಿ ತಟ್ಟೆ ಹತ್ತಿರ ಬರುವ ಮೊದಲೇ "ಥೂ" ಎಂದು ಮೂಗು ಮುಚ್ಚಿಕೊಂಡಳು. ಮೇಷ್ಟ್ರು ಕಲಸಿ ಎರಡು ತುತ್ತು ತಿಂದು, "ಉಪ್ಪು ಸ್ವಲ್ಪ ಮುಂದಾಗಿದೆ" ಎಂದರು. ಆಯಮ್ಮ ತಟ್ಟೆ ಎಳೆದುಕೊಂಡು ಅನ್ನವನ್ನು ಚೆಲ್ಲಿ ಬಂದಳು. ಏನು ಅಂತ ಕೇಳಿದ ಗುಬ್ಬಿಗೆ ಒಂದು ಗದರು ಬಿತ್ತು.

ಆ ವಾರವೇ ಶನಿವಾರ ಸಂಜೆ ಮೇಷ್ಟ್ರು ತೊರೆಯ ಕಡೆಯಿಂದ ಬಂದವರೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟ ಸದ್ದಿನ ಹಿಂದೆ ವಾಂತಿಯ ಸದ್ದು. ಆಯಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಗಂಡ ಗೋಡೆಗೊರಗಿ ಕೂತಿದ್ದರು, ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. ನೆಲದ ಮೇಲೆ ಹಸಿರು ನೀರು.

"ಏನು ತಿಂದ್ರಿ?"

"ನಿಧಾನಕ್ಕೆ ಮಾತಾಡೇ. ಮಗಳಿಗೆ ಕೇಳ್ಸುತ್ತೆ."

"ಏನು ತಿಂದ್ರಿ ಅಂದೆ."

ಮೇಷ್ಟ್ರು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಎಲ್ಲವನ್ನೂ ಹೇಳಿದರು. ಎರಡು ತಿಂಗಳಿಂದ ಅವರು ಪ್ರತಿ ಶನಿವಾರ ತೊರೆಗೆ ಹೋಗುತ್ತಿದ್ದರು. ಒಂದೊಂದು ಪೊದೆಯಿಂದಲೂ ಉಗುರಿನಷ್ಟು ಎಲೆ ಕಿತ್ತು ಅಗಿದು, ಗಂಟೆ ಹೊತ್ತು ಕಾಯುತ್ತಿದ್ದರು. ಹೊಟ್ಟೆ ತೊಳಸಿದರೆ ಅದು ಕಳ್ಳ, ಬುಡಸಮೇತ ಕಿತ್ತು ತೊರೆಗೆ ಎಸೆಯುವುದು. ತೊಳಸದಿದ್ದರೆ ಭಾನುವಾರ ಜನರನ್ನು ಆ ಪೊದೆಗೆ ಕರೆದುಕೊಂಡು ಹೋಗುವುದು. ಮೂಗು ಮಾಡಬೇಕಾದ ಕೆಲಸವನ್ನು ಹೊಟ್ಟೆಯಿಂದ ಮಾಡಿಸುತ್ತಿದ್ದರು.

ಆಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದವಳು ಅತ್ತುಬಿಟ್ಟಳು.

"ಸಾಯ್ತೀರಲ್ರೀ! ಮಗಳಿಗೆ ಹೇಳಿ. ಇವತ್ತೇ ಹೇಳಿ."

"ಹೇಳಿದ್ರೆ ಸೊಪ್ಪಿನ ಪಾಠ ನಿಲ್ಸ್ತಾಳೆ."

"ನಿಲ್ಸ್ಲಿ!"

"ಸೊಪ್ಪಿನ ಪಾಠ ನಿಂತ್ರೆ ನಾನ್ಯಾಕೆ? ಬೆಂಕಿ ಮಾಡೋದನ್ನ ಅಳಿಯನೂ ಕಲಿಸ್ತಾನೆ. ಹಗ್ಗ ಹೊಸೆಯೋದನ್ನ ಗುಬ್ಬಿನೂ ಕಲಿಸ್ತಾಳೆ. ನನ್ನನ್ನ ಮೂಲೇಲಿ ಕೂರಿಸಿ ಟೀ ಕೊಡ್ತಾರೆ ಅಷ್ಟೆ."

ಅವರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಅಳಿಯ ಒಳ್ಳೆಯವನೇ. ಜನರನ್ನು ವ್ಯಾನಿನಲ್ಲಿ ಕರೆತಂದು ಬಿಟ್ಟುಬರುವ ಕೆಲಸ ಅವನದು. ಆದರೆ ಅವನಿಗೆ ಸೊಪ್ಪೆಂದರೆ ಸೊಪ್ಪು. ಮಾರನೆಯ ವಾರ ಊಟಕ್ಕೆ ಕೂತಾಗ ಅದೇ ಮಾತು ಎತ್ತಿದ.

"ಮಾವ, ಅಂಗಡಿ ಸೊಪ್ಪು ತಂದು ಸೂಪು ಮಾಡಿದ್ರೆ ಏನಂತೆ? ಕುಡಿಯೋರಿಗೆ ಗೊತ್ತಾಗಲ್ಲ. ಎದೆ ಡವಡವ ಅನ್ನೋದಾದ್ರೂ ತಪ್ಪುತ್ತೆ."

"ಹಾಗಾದ್ರೆ ಮೇಷ್ಟ್ರನ್ನೂ ಅಂಗಡಿಯಿಂದ್ಲೇ ತಂದ್ಬಿಡಪ್ಪ."

"ತಮಾಷೆ ಅಲ್ಲ ಮಾವ."

"ನಂದೂ ತಮಾಷೆ ಅಲ್ಲ. ಕಾಡನ್ನ ನೋಡೋಕೆ ಟೀವಿ ಇದೆ. ತಾನು ಕಿತ್ತಿದ್ದನ್ನ ತಾನು ತಿಂದಾಗ್ಲೇ ಮನುಷ್ಯಂಗೆ ಅದು ತನ್ನದು ಅನ್ಸೋದು. ಆ ಒಂದು ಬಟ್ಟಲು ಹೊಟ್ಟೆಗೆ ಹೋಗೋವರೆಗೂ ಅವರು ಟೂರಿಗೆ ಬಂದಿರ್ತಾರೆ ಅಷ್ಟೆ."

ಮಗಳು ಅಪ್ಪನ ಪರವೇ. ಅವಳು ರೊಟ್ಟಿ ಹರಿಯುತ್ತಾ ಹೇಳಿದಳು: "ಅಪ್ಪನ ಮೂಗಿರೋವರೆಗೂ ನಂಗೆ ಭಯ ಇಲ್ಲ. ಅದು ಕೈಕೊಟ್ಟ ದಿನ ನಾನೇ ಗೇಟಿಗೆ ಬೀಗ ಹಾಕ್ತೀನಿ. ಒಂದು ಜೀವ ಹೋದ್ರೂ ನನ್ನ ಕೈಲಿ ತಡಕೊಳ್ಳಕ್ಕಾಗಲ್ಲ. ಈಗ ಸುಮ್ನೆ ಊಟ ಮಾಡಿ. ಐದು ವಾರ ಬಿಟ್ಟು ಶಿಕ್ಷಕರ ತರಬೇತಿ ಕಾಲೇಜಿನೋರು ಬರ್ತಿದ್ದಾರೆ. ಪ್ರಿನ್ಸಿಪಾಲರೇ ಬರ್ತಾರಂತೆ. ಅವರು ಒಪ್ಪಿದ್ರೆ ವರ್ಷಪೂರ್ತಿ ಒಂದೊಂದು ಬ್ಯಾಚೂ ನಮ್ಮಲ್ಲೇ ಕಲಿಯುತ್ತೆ. ಒಬ್ಬೊಬ್ಬ ಟೀಚರೂ ನೂರು ಮಕ್ಕಳನ್ನ ಕಾಡಿಗೆ ಕರ್ಕೊಂಡು ಹೋಗ್ತಾರೆ ಅಂದ್ಕೊಳ್ಳಿ ಅಪ್ಪ!"

ಮೇಷ್ಟ್ರು ತಟ್ಟೆಯನ್ನೇ ನೋಡುತ್ತಿದ್ದರು. ಬೀಗದ ಮಾತು ಕೇಳಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ್ದರು. ಆಯಮ್ಮ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಯಾರೂ ಕೇಳದಿದ್ದರೂ, "ಈ ಭಾನುವಾರದಿಂದ ನಾನೂ ಬರ್ತೀನಿ. ಸೊಪ್ಪು ತೊಳೆದುಕೊಡ್ತೀನಿ" ಎಂದಳು.

"ನಿಂಗ್ಯಾಕಮ್ಮ ಆ ಸೊಳ್ಳೆ ಕಾಟ?"

"ಮನೇಲಿ ಒಬ್ಬಳೇ ಕೂತು ಗೋಡೆ ಎಣಿಸ್ಲಾ?"

ಹೀಗೆ ಆಯಮ್ಮ ಗಂಡನಿಗೆ ಮೂಗಾದಳು. ತೊರೆಯ ಪಕ್ಕ ಎರಡು ಬೋಗುಣಿ ನೀರಿಟ್ಟುಕೊಂಡು ಕೂರುತ್ತಿದ್ದಳು. ಒಂದು ಸೊಪ್ಪು ತೊಳೆಯಲು, ಇನ್ನೊಂದು ಕೈ ತೊಳೆಯಲು. ಎಲೆಯನ್ನು ತೊಳೆಯುವ ನೆವದಲ್ಲಿ ಉಜ್ಜಿ, ಬೆವರು ಒರೆಸಿಕೊಳ್ಳುವ ನೆವದಲ್ಲಿ ಮೂಸಿ, ಗಂಡನ ಕೈಗೆ ಕೊಡುತ್ತಿದ್ದಳು. ತೊಟ್ಟು ಅವರ ಕಡೆಗಿದ್ದರೆ ಒಳ್ಳೆಯ ಎಲೆ. ತುದಿ ಅವರ ಕಡೆಗಿದ್ದರೆ ಕಳ್ಳ. ಮೇಷ್ಟ್ರು ಅದನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು ಪಾತ್ರೆಗೋ ಪೊದೆಗೋ ಹಾಕುತ್ತಿದ್ದರು. ಜನ ಬೆರಗಾಗಿ ನೋಡುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಇಷ್ಟು ಹತ್ತಿರ ಕೂತು ಕೆಲಸ ಮಾಡಿದ್ದೇ ಇಲ್ಲ. ಮೊದಲ ಭಾನುವಾರ ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಮೇಷ್ಟ್ರು ಹೆಂಡತಿಯ ಒದ್ದೆ ಬೆರಳುಗಳನ್ನು ತಮ್ಮ ಟವೆಲಿನಲ್ಲಿ ಒರೆಸಿದರು. ಆಕೆ ಕಿಟಕಿಯ ಕಡೆ ತಿರುಗಿ ಕೂತಳು.

ಶನಿವಾರದ ಎಲೆ ಅಗಿಯುವುದು ನಿಂತಿತು. ಅಷ್ಟರಮಟ್ಟಿಗೆ ಆಕೆ ಗೆದ್ದಿದ್ದಳು. ಆದರೆ ಭಾನುವಾರ ಹತ್ತಿರ ಬಂದಂತೆ ಆಕೆಗೆ ನಿದ್ದೆ ಹಾರಿಹೋಗುತ್ತಿತ್ತು. ತನ್ನ ಒಂದು ತಪ್ಪು, ಒಂದು ಎಲೆ ಸಾಕಲ್ಲ. ಮೂರನೆಯ ವಾರ ಗುಬ್ಬಿ ಪಾತ್ರೆ ತೊಳೆಯುತ್ತಿದ್ದವಳು ಥಟ್ಟನೆ ಕೇಳಿದಳು.

"ಅಜ್ಜಿ, ನೀನು ಮೂಸಿ ಆಮೇಲೆ ಅಜ್ಜಂಗೆ ಕೊಡೋದ್ಯಾಕೆ?"

ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರು ಮೂಸಿದ್ರು? ಬೆವರು ಒರೆಸ್ಕೊಂಡೆ."

"ಅರವತ್ತು ಸಲ ಬೆವರು ಒರೆಸ್ಕೊಂಡ್ಯಾ? ಮೋಡ ಹಾಕಿತ್ತು."

"ಪಾತ್ರೆ ತಿಕ್ಕು. ಹನ್ನೆರಡು ವರ್ಷಕ್ಕೇ ಪೊಲೀಸಿನೋಳ ಹಾಗೆ ಕೇಳ್ತಾಳೆ."

ಗುಬ್ಬಿ ಮುಖ ಊದಿಸಿಕೊಂಡು ಪಾತ್ರೆ ತಿಕ್ಕಿದಳು. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಆ ಮನೆಯಲ್ಲಿ ಸತ್ಯ ಮುಚ್ಚಿಡುವವರ ಸಂಖ್ಯೆ ಹೀಗೆ ಎರಡೂವರೆಗೆ ಬಂತು.

ಕಾಲೇಜಿನವರು ಬರುವ ಹಿಂದಿನ ದಿನ ಆಯಮ್ಮನಿಗೆ ನೆಗಡಿ ಹಿಡಿಯಿತು. ಬೆಳಗ್ಗೆ ಬರೀ ಗಂಟಲು ಕೆರೆತ. ಸಂಜೆಯ ಹೊತ್ತಿಗೆ ಮೂಗಿನ ಎರಡೂ ಹೊಳ್ಳೆ ಕಟ್ಟಿಕೊಂಡವು. ಬಿಸಿನೀರಿನ ಹಬೆ ಹಿಡಿದಳು, ಮುಲಾಮು ಬಳಿದುಕೊಂಡಳು. ಬೆಳ್ಳುಳ್ಳಿ ಎಸಳೊಂದನ್ನು ಜಜ್ಜಿ ಮೂಗಿಗೆ ಹಿಡಿದಳು. ಏನೂ ಬರಲಿಲ್ಲ. ಹಿತ್ತಲಿನಲ್ಲಿ ಸೌದೆ ಜೋಡಿಸುತ್ತಿದ್ದ ಗಂಡನ ಹತ್ತಿರ ಹೋದಳು.

"ನಾಳೆ ನನ್ನ ಕೈಲಾಗಲ್ಲ. ಮಗಳಿಗೆ ಹೇಳ್ಬಿಡೋಣ."

"ನಾಳೆ ಒಂದು ದಿನ. ಆಮೇಲೆ ನಾನೇ ಹೇಳ್ತೀನಿ, ಆಣೆ ಮಾಡಿ ಹೇಳ್ತೀನಿ."

"ಪ್ರತಿಸಲ ನಾಳೆ ಒಂದು ದಿನ!"

"ಬಂಡೆ ಮೇಲಿನ ಪೊದೇಲಿ ಕಳ್ಳ ಇಲ್ಲ. ನಾನೇ ಅಗಿದು ನೋಡಿರೋದು. ಎಲ್ಲರನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಬೇರೆ ಕಡೆ ಒಂದು ಎಲೇನೂ ಕೀಳಕ್ಕೆ ಬಿಡಲ್ಲ. ಸರಿನಾ?"

"ಇಪ್ಪತ್ತು ಜನ ಬರ್ತಿದ್ದಾರ್ರೀ."

"ಟೀಚರುಗಳು ಕಣೆ. ಹೇಳಿದ ಮಾತು ಕೇಳ್ತಾರೆ."

ಹೇಳಿದ ಮಾತು ಕೇಳದವರು ಲೋಕದಲ್ಲಿ ಯಾರಾದರೂ ಇದ್ದರೆ ಅದು ಬಿಡುವಿನಲ್ಲಿರುವ ಟೀಚರುಗಳೇ. ಭಾನುವಾರ ಬೆಳಗ್ಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಇಪ್ಪತ್ತು ಜನರಲ್ಲಿ ಏಳು ಜನ ಬೆಂಕಿ ಹೊತ್ತಿಸಿದರು. ದಪ್ಪ ಕನ್ನಡಕದ ಪ್ರಿನ್ಸಿಪಾಲರು ಮರದ ಬುಡದಲ್ಲಿ ಒಂದು ಗಂಟೆ ಕೂತು ಎದ್ದು, "ನನ್ನ ಜೀವಮಾನದಲ್ಲಿ ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ಇದೇ ಮೊದಲು" ಎಂದು ಮಗಳ ಕೈ ಕುಲುಕಿದರು. ಮಗಳ ಮುಖ ಅರಳಿತ್ತು. ಆದರೆ ಸೊಪ್ಪಿನ ಹೊತ್ತಿಗೆ ಮೇಷ್ಟ್ರು ಬಂಡೆ ಹತ್ತುವಷ್ಟರಲ್ಲಿ ಹಿಂದಿದ್ದವರು ತೊರೆಯ ಎರಡೂ ದಂಡೆಗೆ ಚದುರಿ ಹೋಗಿದ್ದರು. "ಇಲ್ಲೂ ಇದೆ, ಇಲ್ಲೂ ಇದೆ!" ಎಂದು ಕೂಗುತ್ತಾ ಕಿತ್ತು ಕಿತ್ತು ಒಂದೇ ಬುಟ್ಟಿಗೆ ಸುರಿದರು. ಮೇಷ್ಟ್ರು ಬೊಬ್ಬೆ ಹೊಡೆದದ್ದು ನೀರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಬಂಡೆಯ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ದೇವರಿಗೂ ಹೇಳಲಾಗದಂತೆ ಬೆರೆತುಹೋಯಿತು.

ಆಯಮ್ಮ ಬೋಗುಣಿಯ ಮುಂದೆ ಕೂತಳು. ಮೂಗು ಕೆಂಪಗೆ ಊದಿತ್ತು. ಮೊದಲ ಎಲೆ ಉಜ್ಜಿ, ಮೂಸಿ, ತುದಿ ಮುಂದೆ ಮಾಡಿ ಕೊಟ್ಟಳು. ಮೇಷ್ಟ್ರು ಎಸೆದರು. ಎರಡನೆಯದೂ ತುದಿ. ಮೂರನೆಯದೂ ತುದಿ. ಹತ್ತು, ಹನ್ನೆರಡು, ಹದಿನೈದು. ಆಕೆ ಎಲ್ಲವನ್ನೂ ತುದಿ ಮುಂದೆ ಮಾಡಿಯೇ ಕೊಟ್ಟಳು. ಹೇಳಬೇಕಾದದ್ದನ್ನು ಹೇಳಲು ಆಕೆಗಿದ್ದದ್ದು ಅದೊಂದೇ ದಾರಿ.

ಪ್ರಿನ್ಸಿಪಾಲರ ಹುಬ್ಬು ಮೇಲೇರಿತು. "ಎಲ್ಲಾ ವಿಷಾನೇ ಏನ್ರೀ? ಹೀಗಾದ್ರೆ ನಾವು ಮಕ್ಕಳನ್ನ ಕರ್ಕೊಂಡು ಬರೋದು ಹೇಗೆ?"

"ಅಪ್ಪಾ?" ಎಂದಳು ಮಗಳು ಮೆಲ್ಲಗೆ.

ಮೇಷ್ಟ್ರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಕೆ ತಲೆಯನ್ನು ಒಂದಿಷ್ಟೇ ಅಡ್ಡಡ್ಡ ಆಡಿಸಿದಳು. ಮೇಷ್ಟ್ರು ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಒಂದೊಂದೇ ಎಲೆ ಎತ್ತಿ, ಬೆಳಕಿಗೆ ಹಿಡಿದು, ನರ ನೋಡಿ, ತೊಟ್ಟು ನೋಡಿ, ಮೂಗಿಗೆ ಹಿಡಿದು ನಟಿಸಿ, ಪಾತ್ರೆಗೆ ಹಾಕುತ್ತಾ ಹೋದರು. ಕಣ್ಣನ್ನು ನಂಬಬೇಡಿ ಎಂದು ನೂರಾರು ಜನರಿಗೆ ಪಾಠ ಹೇಳಿದವರು ಬರೀ ಕಣ್ಣನ್ನು ನಂಬಿದರು. ಎರಡು ಹಿಡಿ ಎಲೆ ಎಸೆದರು, ಉಳಿದದ್ದು ಕುದಿಯಿತು. ಪದ್ಧತಿಯಂತೆ ಮೊದಲ ಬಟ್ಟಲು ಬಗ್ಗಿಸಿಕೊಂಡು ಒಂದೇ ಉಸಿರಿಗೆ ಕುಡಿದರು. ಟೀಚರುಗಳು ಗಡಿಯಾರ ನೋಡುತ್ತಾ ಕೂತರು.

ವಿಷ ಕಾಲು ಗಂಟೆಯಲ್ಲಿ ತೋರಿಸಿಕೊಳ್ಳುವುದಿಲ್ಲ ಎಂದು ಆಯಮ್ಮನಿಗೆ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು. ಅಳಿಯ ಇಪ್ಪತ್ತು ಬಟ್ಟಲು ತುಂಬಿಸಿ ಹಂಚತೊಡಗಿದಾಗ ಆಕೆ ಎದ್ದು ನಿಂತಳು.

"ಯಾರೂ ಕುಡೀಬೇಡಿ."

"ಅಮ್ಮ, ಏನಿದು?"

"ನಿಮ್ಮಪ್ಪಂಗೆ ವಾಸನೆ ಬರಲ್ಲ ಕಣೆ. ಜ್ವರ ಬಂದಾಗಿನಿಂದ ಬರಲ್ಲ. ಇಷ್ಟು ದಿನ ನಾನು ಮೂಸಿ ಕೊಡ್ತಿದ್ದೆ. ಇವತ್ತು ನಂಗೂ ಮೂಗು ಕಟ್ಟಿದೆ. ಈ ಪಾತ್ರೇಲಿ ಏನಿದೆ ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ."

ಯಾರೋ ಒಬ್ಬರು ತಮಾಷೆಯೆಂದು ತಿಳಿದು ನಕ್ಕರು. ಮಗಳು ಬಿಳಿಚಿಕೊಂಡಳು. ಗುಬ್ಬಿ ಅಜ್ಜಿಯನ್ನೇ ನೋಡುತ್ತಾ ನಿಂತಳು.

"ಅವಳಿಗೆ ಮೈ ಬಿಸಿಯಾಗಿದೆ," ಎಂದರು ಮೇಷ್ಟ್ರು. ದನಿ ಒಡೆದಿತ್ತು. "ಏನೇನೋ ಬಡಬಡಿಸ್ತಾಳೆ."

"ಅಪ್ಪ, ನನ್ನ ನೋಡಿ ಹೇಳಿ. ನಿಜಾನಾ?"

"ಸುಳ್ಳು."

ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡರು. ಜೀವನವಿಡೀ ಪರೀಕ್ಷೆ ಮಾಡಿದ ಮನುಷ್ಯ. "ಇದಕ್ಯಾಕೆ ಜಗಳ? ಒಂದು ಪರೀಕ್ಷೆ ಮಾಡಿಬಿಡೋಣ" ಎಂದರು. ಗುಬ್ಬಿಯನ್ನು ತೊರೆಗೆ ಕಳಿಸಿ, ಒಂದು ಒಳ್ಳೆಯ ಎಲೆ, ಒಂದು ಕಳ್ಳ ತರಿಸಿದರು. ಅವಳು ಎರಡು ಸಲ ಕೈ ತೊಳೆದು, ಮೂಸಿ ಖಚಿತ ಮಾಡಿಕೊಂಡು ತಂದಳು. ಮೇಷ್ಟ್ರ ಕಣ್ಣಿಗೆ ಅವರದೇ ಟವೆಲು ಕಟ್ಟಿದರು. ಮಗಳು ಎರಡೂ ಎಲೆಗಳನ್ನು ಉಜ್ಜಿ ಒಂದೊಂದು ಕೈಯಲ್ಲಿ ಹಿಡಿದು ಅಪ್ಪನ ಮುಖದ ಮುಂದೆ ಚಾಚಿದಳು.

"ಯಾವ ಕೈಯಲ್ಲಿ ಕಳ್ಳ ಅಪ್ಪ?"

ಮೇಷ್ಟ್ರು ಉಸಿರೆಳೆದುಕೊಂಡರು. ಒಳಗೆ ಹೋದದ್ದು ಬರೀ ತಣ್ಣನೆಯ ಗಾಳಿ. ಇನ್ನೊಮ್ಮೆ ಎಳೆದರು.

"ಎಡಗೈ."

ಮಗಳ ಎಡಗೈಯಲ್ಲೇ ಕಳ್ಳನಿತ್ತು. ಅವಳು ಅಳುತ್ತಾ ನಕ್ಕು ಅಪ್ಪನನ್ನು ತಬ್ಬಿಕೊಂಡಳು. ಟೀಚರುಗಳು ಚಪ್ಪಾಳೆ ತಟ್ಟಿದರು. "ನೂರಕ್ಕೆ ನೂರು!" ಎಂದರು ಪ್ರಿನ್ಸಿಪಾಲರು. ಮಗಳು ಅಮ್ಮನ ಕಡೆ ತಿರುಗಿ, "ಹೀಗ್ಯಾಕೆ ಮಾಡ್ದೆ ಅಮ್ಮ? ಇವತ್ತೇ ಮಾಡ್ಬೇಕಿತ್ತಾ?" ಎಂದಳು. ಅಳಿಯ ಅತ್ತೆಯ ತೋಳು ಹಿಡಿದು, "ಬನ್ನಿ ಅತ್ತೆ, ವ್ಯಾನಲ್ಲಿ ಮಲಗಿ" ಎಂದು ಕರೆದ. ಆಯಮ್ಮ ಕದಲಲಿಲ್ಲ. ಇನ್ನು ಆಕೆ ಏನು ಹೇಳಿದರೂ ನಂಬುವವರಿರಲಿಲ್ಲ.

"ರೀ" ಎಂದಳು, ಅಷ್ಟೆ.

ಮೇಷ್ಟ್ರು ಟವೆಲು ಬಿಚ್ಚಿದರು. ಕಣ್ಣಿಗೆ ಮೊದಲು ಬಿದ್ದದ್ದು ಗುಬ್ಬಿ. ಅವಳೂ ಒಂದು ಬಟ್ಟಲು ಹಿಡಿದು, ತುಟಿ ಮುಂದೆ ಮಾಡಿ, ಉಫ್ ಉಫ್ ಎಂದು ಸೂಪನ್ನು ಆರಿಸುತ್ತಿದ್ದಳು.

ಅರವತ್ತಾರರ ಆ ಮನುಷ್ಯ ಹೇಗೆ ಹಾರಿದರೋ, ಗುಬ್ಬಿಯ ಬಟ್ಟಲು ಬಂಡೆಗೆ ಬಡಿದು ಚೂರಾಯಿತು. ತಿರುಗಿ ಪಾತ್ರೆಯನ್ನು ಒದ್ದರು. ಬಿಸಿ ಸೂಪು ಉರಿಯ ಮೇಲೆ, ಪ್ರಿನ್ಸಿಪಾಲರ ಬೂಟಿನ ಮೇಲೆ, ಮಣ್ಣಿನ ಮೇಲೆ ಹರಿಯಿತು.

"ಕೆಳಗಿಡಿ! ಎಲ್ಲರೂ ಕೆಳಗಿಡಿ! ಅದು ಊಹೆ. ನಾನು ಊಹಿಸಿದ್ದು. ನಂಗೆ ಏನೂ ವಾಸನೆ ಬರ್ಲಿಲ್ಲ."

ಅವರು ನಿಂತಲ್ಲೇ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಆಸ್ಪತ್ರೆಗೆ ಅಳಿಯನ ವ್ಯಾನಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಟೀಚರುಗಳ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಅವರು ಬಸ್ಸು ಹಿಡಿದು ಹೋದರು. ಕುಡಿದವರು ಮೇಷ್ಟ್ರೊಬ್ಬರೇ, ಅದೂ ತುಂಬಿದ ಬಟ್ಟಲು. ಗುಬ್ಬಿ ಮಣ್ಣಿನಿಂದ ಒಂದಿಷ್ಟು ಬೆಂದ ಎಲೆಗಳನ್ನು ಡಬ್ಬಿಗೆ ತುಂಬಿಕೊಂಡು ತಂದಿದ್ದಳು. ದಾರಿಯುದ್ದಕ್ಕೂ ಒಂದೊಂದನ್ನೇ ಎತ್ತಿ ಮೂಸಿ ನೋಡುತ್ತಿದ್ದಳು.

"ಎಲ್ಲದಕ್ಕೂ ಬೆಳ್ಳುಳ್ಳಿ ವಾಸನೆನೇ ಅಜ್ಜ."

"ಒಟ್ಟಿಗೆ ಬೆಂದ ಮೇಲೆ ಎಲ್ಲಾ ಒಂದೇ ಕಣಮ್ಮ. ಬಿಸಾಕು."

ಡ್ಯೂಟಿ ಡಾಕ್ಟರು ಡಬ್ಬಿ ನೋಡಿ ತಲೆಯಾಡಿಸಿದರು. ಕುಡಿದು ಹೊತ್ತಾಗಿದೆ, ಹೊಟ್ಟೆ ತೊಳೆದು ಉಪಯೋಗವಿಲ್ಲ, ಬೆಳಗಿನವರೆಗೆ ಇಲ್ಲೇ ಇರಲಿ, ವಾಂತಿ ಶುರುವಾದರೆ, ನಾಡಿ ಅರವತ್ತಕ್ಕಿಂತ ಇಳಿದರೆ ತಕ್ಷಣ ಕರೆಯಿರಿ ಎಂದರು. ಆಯಮ್ಮ ಸ್ಟೂಲು ಎಳೆದುಕೊಂಡು ಗಂಡನ ಮಣಿಕಟ್ಟು ಹಿಡಿದು ಕೂತಳು.

ವರಾಂಡದಲ್ಲಿ ಮಗಳ ಫೋನು ಬಡಿದುಕೊಂಡಿತು. ಅವಳು ಎರಡು ನಿಮಿಷ "ಸರಿ ಸಾರ್, ಸರಿ ಸಾರ್" ಎಂದು ಒಳಗೆ ಬಂದಳು.

"ಕಾಲೇಜಿನೋರು ಬರಲ್ವಂತೆ. ಬೇರೆಯವರಿಗೂ ತಿಳಿಸ್ತಾರಂತೆ, ಎಚ್ಚರಿಕೆಗೆ. ನೀನು ಒಂದು ಮಾತು ಮೊದ್ಲೇ ಹೇಳಿದ್ರೆ ಏನಾಗ್ತಿತ್ತಮ್ಮ?"

"ನೀನು ಬೀಗ ಹಾಕ್ತಿದ್ದೆ."

"ಹಾಕ್ತಿದ್ದೆ! ಹೌದು! ಆಗ ಇನ್ನೊಂದು ದಾರಿ ಹುಡುಕಬಹುದಿತ್ತು. ಗುಬ್ಬಿ ಬಾಯಿಗೆ ಹೋಗ್ತಿತ್ತಲ್ಲಮ್ಮ ಅದು!"

ಮಗಳು ಅಪ್ಪನ ಕಾಲ ಬಳಿ ಒಂದು ಗಳಿಗೆ ನಿಂತು, ಹೊದಿಕೆಯನ್ನು ಸರಿಮಾಡಿ, ಗುಬ್ಬಿಯನ್ನು ಕರೆದುಕೊಂಡು ಮನೆಗೆ ಹೋದಳು. ಅಳಿಯ ಬ್ರೆಡ್ಡು, ಹಾಲು ತಂದಿಟ್ಟು, "ಮಾವ, ಏನೂ ಆಗಲ್ಲ ಬಿಡಿ" ಎಂದು ಅವರ ಹೆಗಲು ಮುಟ್ಟಿ ಹೊರಗೆ ಬೆಂಚಿನ ಮೇಲೆ ಕೂತ.

"ಏನೂ ಆಗದಿದ್ರೆ?" ಎಂದರು ಮೇಷ್ಟ್ರು ಚಾವಣಿ ನೋಡುತ್ತಾ.

"ಏನಂದ್ರಿ?"

"ನಂಗೆ ಏನೂ ಆಗದಿದ್ರೆ, ಎಲೆ ಒಳ್ಳೇದೇ ಇತ್ತು ಅಂತ ಆಯ್ತಲ್ಲ. ಒಳ್ಳೇ ಸೂಪನ್ನ ಒದ್ದು ಎಲ್ಲಾ ಹಾಳು ಮಾಡ್ದೆ ಅಂತ ಆಯ್ತಲ್ಲ. ಏನಾದ್ರೂ ಆದ್ರೆ, ಇಪ್ಪತ್ತು ಜನ ಉಳಿದ್ರು ಅಂತಾದ್ರೂ ಅನ್ಕೋಬಹುದು."

"ಬಾಯಿ ಮುಚ್ಚಿ. ಬುದ್ಧಿ ನೆಟ್ಟಗಿದ್ಯಾ ನಿಮಗೆ?"

"ನಿಜ ಹೇಳ್ತಿದ್ದೀನಿ ಕಣೆ. ನಾನು ಅದನ್ನೇ ಕಾಯ್ತಿದ್ದೀನಿ."

ಆಯಮ್ಮ ಅರ್ಧರ್ಧ ಗಂಟೆಗೆ ಎಣಿಸಿದಳು. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸುವವರೆಗೆ ತುಟಿಯಲ್ಲೇ ಎಣಿಸಿ, ಅಂಕಿಯನ್ನು ಔಷಧಿ ಚೀಟಿಯ ಹಿಂದೆ ಬರೆದಳು. ಎಪ್ಪತ್ನಾಲ್ಕು. ಎಪ್ಪತ್ತೆರಡು. ಎಪ್ಪತ್ತೊಂದು. ಎಪ್ಪತ್ತೆರಡು. ವಾಂತಿ ಬರಲಿಲ್ಲ. ಹೊಟ್ಟೆಯೂ ತೊಳಸಲಿಲ್ಲ. ಬೆಳಗಾಗುವ ಹೊತ್ತಿಗೆ ಡಾಕ್ಟರು ಬಂದು, ಸ್ಟೆತಸ್ಕೋಪು ಇಟ್ಟು ನೋಡಿ, "ಅಜ್ಜ ಗಟ್ಟಿಮುಟ್ಟಾಗಿದ್ದಾರೆ. ಒಂಬತ್ತು ಗಂಟೆಗೆ ಮನೆಗೆ ಕರ್ಕೊಂಡು ಹೋಗಿ" ಎಂದು ಚೀಟಿಗೆ ಸಹಿ ಹಾಕಿದರು.

ಆಯಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತಳು. ಅಷ್ಟು ಸುಖದ ಅಳು ಆಕೆಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ಮುಖ ತೊಳೆದು ಬಂದು ನೋಡಿದರೆ ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಒಂದು ಕೈಯನ್ನು ಮಾತ್ರ ಹಿಂದಕ್ಕೆ, ಆಕೆಯ ಕಡೆಗೆ ಚಾಚಿದ್ದರು.

"ಎಷ್ಟಿತ್ತು?"

"ಎಪ್ಪತ್ತೆರಡು ರೀ. ಏನೂ ಆಗಿಲ್ಲ. ಏಳಿ, ಮನೆಗೆ ಹೋಗೋಣ."

ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ಸಲ ಎಣಿಸು."